ಗೃಹಲಕ್ಷ್ಮಿ ಹಣ ಎರಡು ಸಾವಿರಕ್ಕಿಂತ ಕಡಿಮೆಯಾಗುವುದು ಏಕೆ?

“ಈ ಸಲ ಸರ್ಕಾರ ಗೃಹಲಕ್ಷ್ಮಿ ಹಣದಲ್ಲಿ ಸ್ವಲ್ಪ ಹಿಡಿದುಕೊಂಡಿದೆಯಂತೆ.” ಪಡಿತರ ಅಂಗಡಿಯ ಸಾಲಿನಲ್ಲೋ ಬಸ್ಸಿನಲ್ಲೋ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಎರಡು ಸಾವಿರ ಬರಬೇಕಿತ್ತು, ಕೈಗೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಇದಕ್ಕೆ ತೆರಿಗೆ ಕಾರಣ ಎಂದು ಕೆಲವರು, ಸಹಾಯಧನಕ್ಕೂ ಜಿಎಸ್‌ಟಿ ಹಾಕಿದ್ದಾರೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ನಿಜವಲ್ಲ. ಹಾಗಾದರೆ ಹಣ ಹೋಗುವುದೆಲ್ಲಿಗೆ?

ಮೊದಲು ಪಾಸ್‌ಬುಕ್ ಮುದ್ರಿಸಿಕೊಂಡು ನೋಡೋಣ. ಜಮೆಯ ಕಾಲಂನಲ್ಲಿ 2,000 ಎಂದೇ ಇರುತ್ತದೆ. ಕಡಿತವಾಗಿದ್ದರೆ ಅದು ಬೇರೆ ಸಾಲಿನಲ್ಲಿ, ಖರ್ಚಿನ ಕಾಲಂನಲ್ಲಿ ಇರುತ್ತದೆ. ಅಂದರೆ ಸರ್ಕಾರ ಪೂರ್ತಿ ಹಣ ಕಳಿಸಿದೆ, ಅದು ಖಾತೆಗೆ ಬಂದ ಮೇಲೆ ಕರಗಿದೆ.

ಕರಗಿದ್ದು ಹೇಗೆ ಎಂಬುದನ್ನು ಆ ಅಂಕಿಗಳೇ ಹೇಳುತ್ತವೆ. ಮೊತ್ತದಲ್ಲಿ ಪೈಸೆ ಇದ್ದರೆ ಅದು ಸಾಮಾನ್ಯವಾಗಿ ಬ್ಯಾಂಕಿನ ಶುಲ್ಕ. ಬ್ಯಾಂಕು ತನ್ನ ಸೇವೆಗೆ ವಿಧಿಸುವ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ, ಪೈಸೆ ಬರುವುದು ಅಲ್ಲಿಂದ. 17.70 ಎಂದಿದ್ದರೆ 15 ರೂಪಾಯಿ ಶುಲ್ಕ ಮತ್ತು ಅದರ ತೆರಿಗೆ, 23.60 ಎಂದಿದ್ದರೆ 20 ರೂಪಾಯಿ ಶುಲ್ಕ, 27.14 ಎಂದಿದ್ದರೆ 23 ರೂಪಾಯಿ ಶುಲ್ಕ. ಉಚಿತ ಮಿತಿ ದಾಟಿದ ಪ್ರತಿ ಎಟಿಎಂ ವ್ಯವಹಾರಕ್ಕೆ 2025ರ ಮೇ 1ರಿಂದ ಬ್ಯಾಂಕುಗಳು ವಿಧಿಸಬಹುದಾದ ಗರಿಷ್ಠ ಶುಲ್ಕ ಈ 23 ರೂಪಾಯಿ. “ಸಹಾಯಧನಕ್ಕೂ ಜಿಎಸ್‌ಟಿ” ಎಂಬ ಗಾಳಿಮಾತು ಹುಟ್ಟಿದ್ದೂ ಬಹುಶಃ ಇಲ್ಲೇ. ತೆರಿಗೆ ಇರುವುದು ಶುಲ್ಕದ ಮೇಲೆ, ಸಹಾಯಧನದ ಮೇಲಲ್ಲ.

ಪೈಸೆ ಇಲ್ಲದ 436 ಅಥವಾ 20 ಎಂಬ ಕಡಿತ ಮೇ ತಿಂಗಳ ಕೊನೆಯ ಹೊತ್ತಿಗೆ ಕಂಡರೆ ಅದು ಬೇರೆ ವಿಷಯ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು 436 ರೂಪಾಯಿ, ಸುರಕ್ಷಾ ವಿಮೆಯದ್ದು 20 ರೂಪಾಯಿ. ಖಾತೆ ತೆರೆಯುವಾಗ ಹತ್ತು ಕಾಗದಗಳ ನಡುವೆ ಎಲ್ಲೋ ಸಹಿ ಹಾಕಿ ಮರೆತಿರುತ್ತೇವೆ. ಇದು ಮೋಸವಲ್ಲ, ಮನೆಯವರಿಗೆ ಎರಡು ಲಕ್ಷ ರೂಪಾಯಿಯ ರಕ್ಷಣೆ. ಬೇಕೆಂದರೆ ಮುಂದುವರಿಸಬಹುದು, ಬೇಡವಾದರೆ ಶಾಖೆಯಲ್ಲಿ ಬರೆದುಕೊಟ್ಟು ನಿಲ್ಲಿಸಬಹುದು.

ಎಟಿಎಂ ಶುಲ್ಕ ಹೆಚ್ಚು ಜನರಿಗೆ ತಗಲುವುದು ಹಣ ತೆಗೆಯುವಾಗಲ್ಲ, ಹಣ ಬಂದಿದೆಯೇ ಎಂದು ನೋಡುವಾಗ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿ ತಿಂಗಳಿಗೆ 3, ಉಳಿದ ಊರುಗಳಲ್ಲಿ 5 ವ್ಯವಹಾರ ಉಚಿತ. ಬರೀ ಬ್ಯಾಲೆನ್ಸ್ ನೋಡಿದರೂ ಅದು ಒಂದು ವ್ಯವಹಾರವೇ. ಇನ್ನೂ ಬೇಸರದ ಸಂಗತಿಯೆಂದರೆ, ಜಮೆಯಾಗುವ ಮೊದಲೇ 2,000 ತೆಗೆಯಲು ಕಾರ್ಡ್ ಹಾಕಿ, “ಸಾಕಷ್ಟು ಹಣವಿಲ್ಲ” ಎಂಬ ಸಂದೇಶ ಬಂದರೆ ಅದಕ್ಕೂ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಹಣ ಬರುವ ದಿನ ಖಚಿತವಿಲ್ಲದಿದ್ದಾಗ ಜನ ಮತ್ತೆ ಮತ್ತೆ ಹೋಗಿ ನೋಡುವುದು ಸಹಜ. ತಡವಾಗಿದ್ದಕ್ಕೆ ದಂಡ ಕಟ್ಟುವವರು ಮಾತ್ರ ಹಣಕ್ಕಾಗಿ ಕಾಯುತ್ತಿರುವವರು!

ಆದರೆ ಒಂದೇ ಓಣಿಯಲ್ಲಿ ಒಬ್ಬರಿಗೆ ಕಡಿತವಾಗಿ ಪಕ್ಕದ ಮನೆಯವರಿಗೆ ಆಗದಿರಲು ಮುಖ್ಯ ಕಾರಣ ಖಾತೆಯ ಬಗೆ. ಅಮೆರಿಕದಲ್ಲಿ ಪಿಂಚಣಿ ಮತ್ತು ಅಂಗವಿಕಲರ ಭತ್ಯೆಯನ್ನು ಬ್ಯಾಂಕ್ ಖಾತೆ ಇಲ್ಲದವರಿಗೆ ಡೈರೆಕ್ಟ್ ಎಕ್ಸ್‌ಪ್ರೆಸ್ ಎಂಬ ಪ್ರೀಪೇಯ್ಡ್ ಕಾರ್ಡಿಗೆ ತುಂಬುತ್ತಾರೆ. ಅಲ್ಲೂ ಶುಲ್ಕಗಳಿವೆ. ಪ್ರತಿ ಜಮೆಗೆ ಒಂದು ಸಲ ಎಟಿಎಂನಿಂದ ಉಚಿತವಾಗಿ ತೆಗೆಯಬಹುದು, ಆಮೇಲೆ ದುಡ್ಡು. ಆದರೆ ಆ ಕಾರ್ಡ್ ಇರುವ ಎಲ್ಲರಿಗೂ ಒಂದೇ ಪಟ್ಟಿ. ನಮ್ಮಲ್ಲಿ ಸರ್ಕಾರ ಇದಕ್ಕೆಂದು ಕಾರ್ಡ್ ಕೊಡುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಅದು ಜನಧನ್ ಖಾತೆಯಾಗಿರಬಹುದು, ಹಿಂದೆಂದೋ ಸಾಲಕ್ಕಾಗಿ ತೆರೆದ, ಕನಿಷ್ಠ ಶಿಲ್ಕು ಇಡಲೇಬೇಕಾದ ಖಾಸಗಿ ಬ್ಯಾಂಕಿನ ಖಾತೆಯೂ ಆಗಿರಬಹುದು. ಎರಡನೆಯದಾಗಿದ್ದರೆ ಬಂದ ಹಣದಲ್ಲೇ ದಂಡ ಮುರಿದುಕೊಳ್ಳುತ್ತಾರೆ.

ಈ ದಂಡ ಸಣ್ಣದೆಂದು ಕಂಡರೂ ಒಟ್ಟು ಸೇರಿದರೆ ಸಣ್ಣದಲ್ಲ. 2018ರಿಂದೀಚೆಗೆ ಸರ್ಕಾರಿ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಕನಿಷ್ಠ ಶಿಲ್ಕು ಇಡದವರಿಂದ 21 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ವಸೂಲಿ ಮಾಡಿವೆ ಎಂದು ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ರಾಜ್ಯಸಭೆಗೆ ತಿಳಿಸಿತ್ತು. ಎಸ್‌ಬಿಐ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟಿವೆ. ಎಲ್ಲ ಬ್ಯಾಂಕುಗಳೂ ಬಿಟ್ಟಿಲ್ಲ.

ಇದಕ್ಕೆ ಪರಿಹಾರ 2012ರಿಂದಲೇ ಇದೆ, ಹೇಳುವವರು ಕಡಿಮೆ. ಪ್ರತಿಯೊಂದು ಬ್ಯಾಂಕೂ ‘ಮೂಲ ಉಳಿತಾಯ ಠೇವಣಿ ಖಾತೆ’ (ಬಿಎಸ್‌ಬಿಡಿ) ಕೊಡಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕನಿಷ್ಠ ಶಿಲ್ಕು ಬೇಕಿಲ್ಲ, ಎಟಿಎಂ ಕಾರ್ಡ್ ಉಚಿತ, ತಿಂಗಳಿಗೆ ನಾಲ್ಕು ಸಲವಾದರೂ ಉಚಿತವಾಗಿ ಹಣ ತೆಗೆಯಬಹುದು. ಇದು ಬಡವರಿಗೆ ಮಾತ್ರ ಎಂದೇನಿಲ್ಲ, ಯಾರು ಬೇಕಾದರೂ ಕೇಳಬಹುದು. ಈಗಿರುವ ಉಳಿತಾಯ ಖಾತೆಯನ್ನೇ ಹೀಗೆ ಬದಲಾಯಿಸಿಕೊಡಿ ಎಂದು ಬರೆದುಕೊಡಲೂ ಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಕೂಡದು, ಅಷ್ಟೇ. ಜನಧನ್ ಖಾತೆಗಳೂ ಇದೇ ಜಾತಿಯವು.

ಆ ನಾಲ್ಕನ್ನು ಎಣಿಸುವುದರಲ್ಲೂ ಹಿಂದೆ ಎಡವಟ್ಟಾಗಿತ್ತು. ನಾಲ್ಕರ ನಂತರದ ಪ್ರತಿ ವ್ಯವಹಾರಕ್ಕೆ, ಅದು ಯುಪಿಐ ಆಗಿದ್ದರೂ, ಎಸ್‌ಬಿಐ 17.70 ರೂಪಾಯಿ ಕಡಿಯುತ್ತಿತ್ತು. ಹೀಗೆ 2015ರಿಂದ 2020ರವರೆಗೆ ಸುಮಾರು 12 ಕೋಟಿ ಮೂಲ ಖಾತೆಗಳಿಂದ 300 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿದೆ ಎಂದು ಐಐಟಿ ಬಾಂಬೆಯ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕ ಆಶಿಶ್ ದಾಸ್ ಅವರ ಅಧ್ಯಯನ ತೋರಿಸಿತು. ಡಿಜಿಟಲ್ ಪಾವತಿಗಳ ಮೇಲೆ 2020ರ ಜನವರಿಯಿಂದ ಪಡೆದ ಶುಲ್ಕವನ್ನು ಹಿಂದಿರುಗಿಸುವಂತೆ ತೆರಿಗೆ ಇಲಾಖೆ ಸೂಚಿಸಿದ ಮೇಲೆ ಸುಮಾರು 90 ಕೋಟಿ ವಾಪಸಾಯಿತು. ಪಾಸ್‌ಬುಕ್ಕಿನ ಒಂದು ಸಾಲನ್ನು ಸರಿಯಾಗಿ ಓದಿದರೆ ಏನಾಗಬಹುದು ಎಂಬುದಕ್ಕೆ ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಪಾಸ್‌ಬುಕ್ಕಿನಲ್ಲಿ ಕಾಣದ ಕಡಿತವೂ ಒಂದಿದೆ. ಎಟಿಎಂ ಇಲ್ಲದ ಹಳ್ಳಿಯಲ್ಲಿ ಬೆರಳು ಒತ್ತಿ ಹಣ ತೆಗೆಯುವಾಗ ಸಾವಿರಕ್ಕೆ ಹತ್ತೋ ಇಪ್ಪತ್ತೋ ಇಟ್ಟುಕೊಂಡು ಉಳಿದದ್ದನ್ನು ಕೊಡುವವರಿದ್ದಾರೆ. ಬ್ಯಾಂಕ್ ಮಿತ್ರರಿಗೆ ಈ ಕೆಲಸಕ್ಕೆ ಕಮಿಷನ್ ಬ್ಯಾಂಕಿನ ಕಡೆಯಿಂದಲೇ ಸಿಗುತ್ತದೆ. ಅದು ಸಾಲುವುದಿಲ್ಲ ಎಂಬ ಅವರ ದೂರಿನಲ್ಲಿ ಹುರುಳಿರಬಹುದು, ಆದರೆ ಅದನ್ನು ತುಂಬಿಕೊಡಬೇಕಾದವರು ಬ್ಯಾಂಕಿನವರು. ಮುದ್ರಿತ ರಸೀದಿ ಕೇಳಿ ಪಡೆಯಿರಿ. ರಸೀದಿಯಲ್ಲಿರುವ ಮೊತ್ತವೂ ಕೈಗೆ ಬಂದ ಮೊತ್ತವೂ ಒಂದೇ ಆಗಿರಬೇಕು. ಎರಡು ಸಾವಿರವನ್ನು ಒಂದೇ ಸಲ ತೆಗೆಯದೆ ಎರಡು ಸಲ ಬೆರಳು ಒತ್ತಿಸಿಕೊಂಡರೆ ಏಕೆ ಎಂದು ಕೇಳಿ. ನಿಮ್ಮ ನಾಲ್ಕು ಉಚಿತ ಅವಕಾಶಗಳಲ್ಲಿ ಎರಡು ಅಲ್ಲೇ ಮುಗಿಯಬಹುದು.

ನಿಮ್ಮ ಹಣ ಯಾವ ಬ್ಯಾಂಕಿಗೆ ಹೋಗುತ್ತಿದೆ ಎಂಬುದನ್ನು ಮೈ ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ನೋಡಬಹುದು. ಶುಲ್ಕ ಇಲ್ಲದ ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಅಲ್ಲಿಗೇ ಹೋಗಿ ಆಧಾರ್ ಜೋಡಣೆಗೆ ಅರ್ಜಿ ಕೊಟ್ಟರೆ ಮುಂದಿನ ಕಂತುಗಳು ಅಲ್ಲಿಗೆ ಬರುತ್ತವೆ. ತಪ್ಪಾಗಿ ಕಡಿತವಾಗಿದ್ದರೆ ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ ಕರೆ ಮಾಡಬೇಕಾದ ಸಂಖ್ಯೆ 14448.