ಆಡಬಾರದೆಂಬ ಫಲಕದ ಕೆಳಗೆ

ಕೆಲವು ವಾರಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಚೆನ್ನೈಯ ಒಂದು ಸಾರ್ವಜನಿಕ ಉದ್ಯಾನದಿಂದ ನಮ್ಮನ್ನು ಹೊರಗೆ ಕಳಿಸಲಾಯಿತು. ನಾವು ಒಂಬತ್ತು ಮಂದಿ ಇದ್ದೆವು. ನಮ್ಮಲ್ಲಿ ಎಪ್ಪತ್ತು ದಾಟಿದ ಒಬ್ಬ ಅಕ್ಕ, ಹತ್ತರೊಳಗಿನ ಮೂವರು ಮಕ್ಕಳು. ಉಳಿದವರು ನಡುವಯಸ್ಸಿನ, ತುಸು ಹೊಟ್ಟೆ ಬಂದ ಸಾಹಿತ್ಯಪ್ರಿಯರು. ನಮ್ಮ ಬಳಿಯಿದ್ದ ಸಲಕರಣೆ ಇಷ್ಟೇ: ನಾಲ್ಕು ಪ್ಲಾಸ್ಟಿಕ್ ತಟ್ಟೆಗಳು, ಮನೆಯಿಂದ ತಂದ ಒಂದು ಬಟ್ಟೆಬುಟ್ಟಿ, ಅದನ್ನಿಡಲು ಒಂದು ಸ್ಟೂಲು. ನಲವತ್ತು ಹೆಜ್ಜೆ ದೂರದಿಂದ ತಟ್ಟೆಯನ್ನು ಎಸೆದು, ಅದು ಬಿದ್ದಲ್ಲಿಗೆ ನಡೆದು, ಅಲ್ಲಿಂದ ಮತ್ತೆ ಎಸೆದು, ಎಷ್ಟು ಎಸೆತಗಳಲ್ಲಿ ಬುಟ್ಟಿಗೆ ಹಾಕುತ್ತೇವೆಂದು ನೋಡುತ್ತಿದ್ದೆವು. ಅಕ್ಕ ಐದನೆಯ ಎಸೆತಕ್ಕೆ ಹಾಕಿದರು. ಮಕ್ಕಳು ಕೇಕೆ ಹಾಕಿದವು. ಕೇಕೆ ಕೇಳಿ ಕಾವಲುಗಾರರು ಬಂದರು. ‘ಇಂಗೆ ವಿಳೈಯಾಡಕ್ಕೂಡಾದು, ಸಾರ್’ ಎಂದು ಬಹಳ ಸೌಜನ್ಯದಿಂದಲೇ ಹೇಳಿ ಫಲಕವನ್ನು ತೋರಿಸಿದರು. ಆಡಬಾರದು, ಹುಲ್ಲು ತುಳಿಯಬಾರದು, ಹೂವು ಕೀಳಬಾರದು. ಮೂರನೆಯದನ್ನು ನಾವು ಒಪ್ಪುತ್ತೇವೆ.

ಆ ಕಾವಲುಗಾರರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅವರು ತಮ್ಮ ಕೆಲಸ ಮಾಡಿದರು. ನಮ್ಮ ಜಗಳವಿರುವುದು ಆ ಫಲಕದೊಡನೆ. ಉದ್ಯಾನವೆಂದರೆ ನೋಡುವುದಕ್ಕೂ ಸುತ್ತು ಹಾಕುವುದಕ್ಕೂ ಮಾತ್ರ ಇರುವ ಜಾಗವೆಂದು ತೀರ್ಮಾನಿಸಿರುವ ಬುದ್ಧಿಯೊಡನೆ.

ನಾವು ಆಡುತ್ತಿದ್ದ ಆಟಕ್ಕೆ ಡಿಸ್ಕ್ ಗಾಲ್ಫ್ ಎಂದು ಹೆಸರು. ಗಾಲ್ಫ್ ಎಂಬ ಪದ ಕೇಳಿದೊಡನೆ ಓದುಗರು ಮುಖ ಸಿಂಡರಿಸಬಾರದು. ಇಲ್ಲಿ ಚೆಂಡಿಲ್ಲ, ದಾಂಡಿಲ್ಲ, ಸಾಮಾನು ಹೊರುವ ಹುಡುಗನಿಲ್ಲ. ಒಂದು ಕಂಬ, ಕಂಬದ ನೆತ್ತಿಯಿಂದ ಇಳಿಬಿದ್ದ ಸರಪಳಿಗಳು, ಅವುಗಳ ಕೆಳಗೆ ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಬುಟ್ಟಿ. ಎಸೆದ ಡಿಸ್ಕ್ ಸರಪಳಿಗೆ ತಾಗಿ, ಝಲ್ ಎಂದು ಸದ್ದು ಮಾಡಿ, ಬುಟ್ಟಿಗೆ ಬೀಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಎಂಬಾತ ಇದರ ಮೊದಲ ಕಾಯಂ ಅಂಗಳವನ್ನು ರೂಪಿಸಿದ. ಆರಂಭದಲ್ಲಿ ಅಲ್ಲಿ ಬುಟ್ಟಿಗಳೂ ಇರಲಿಲ್ಲ, ಬರಿಯ ಕಂಬಗಳಿದ್ದವು. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ಜಗಳ ಬಗೆಹರಿಯದೆ ಸರಪಳಿ ಬಂದಿತು. (ಈತ 2002ರಲ್ಲಿ ತೀರಿಕೊಂಡಾಗ ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಕೆಲವು ಡಿಸ್ಕ್‌ಗಳಲ್ಲಿ ಬೆರೆಸಿ ಅಚ್ಚುಹಾಕಲಾಯಿತು. ಗಂಗೆಯಲ್ಲಿ ಬಿಡುವ ನಮಗೆ ಇದು ವಿಚಿತ್ರವೆನಿಸಬಹುದು. ಆಟದ ಮೇಲಿನ ಭಕ್ತಿಯೆಂದು ನೋಡಿದರೆ ಅಷ್ಟೇನೂ ವಿಚಿತ್ರವಲ್ಲ.) ನಮಗೆ ಮುಖ್ಯವಾಗಿ ಕಾಣುವುದು ಆ ಮೊದಲ ಅಂಗಳ ಕ್ಲಬ್ಬಿನ ಬೇಲಿಯೊಳಗೆ ಹುಟ್ಟದೆ ಸಾರ್ವಜನಿಕ ಉದ್ಯಾನದಲ್ಲಿ ಹುಟ್ಟಿತೆಂಬುದು.

ಕಲಿಯುವವರಿಗಾಗಿ ಹಾಕುವ ಅಂಗಳವಂತೂ ಇನ್ನೂ ಸರಳ. ಒಂಬತ್ತು ಬುಟ್ಟಿಗಳು, ನಿಂತು ಎಸೆಯುವ ಜಾಗದಿಂದ ಬುಟ್ಟಿಗೆ ನಲವತ್ತರಿಂದ ಎಪ್ಪತ್ತು ಮೀಟರು, ನಡುವೆ ನೀರಾಗಲಿ ಮುಳ್ಳುಪೊದೆಯಾಗಲಿ ಇರಕೂಡದು, ಎಸೆಯುವವನಿಗೆ ಬುಟ್ಟಿ ಕಾಣುತ್ತಿರಬೇಕು. ನಾಲ್ಕೈದು ಎಕರೆ ಬಯಲು, ಅಲ್ಲಲ್ಲಿ ಮರ, ಇಷ್ಟಿದ್ದರೆ ಆಯಿತು. ಬಲಗೈಯವರು ಮಾಮೂಲಿನಂತೆ ಎದೆಯ ಮುಂದಿನಿಂದ ಬೀಸಿ ಎಸೆದರೆ ಡಿಸ್ಕ್ ಕೊನೆಗೆ ಎಡಕ್ಕೆ ವಾಲಿ ಇಳಿಯುತ್ತದೆ ಎಂಬುದು ಮೊದಲ ಪಾಠ. ಎದುರುಗಾಳಿಗೆ ಎಸೆದರೆ ಅದು ಏಳುತ್ತದೆ, ದಾರಿ ತಪ್ಪುತ್ತದೆ ಎಂಬುದು ಎರಡನೆಯದು. ಚೆನ್ನೈಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ತಾನಾಗಿಯೇ ಬಂದು ಈ ಎರಡನೆಯ ಪಾಠವನ್ನು ಬಿಟ್ಟಿಯಾಗಿ ಹೇಳಿಕೊಡುತ್ತದೆ. ಅರ್ಧ ಗಂಟೆಯಲ್ಲಿ ಮಗುವೂ ಅಜ್ಜಿಯೂ ಒಂದೇ ಅಂಗಳದಲ್ಲಿ, ಒಂದೇ ಸಮಯಕ್ಕೆ, ಒಬ್ಬರನ್ನೊಬ್ಬರು ಕಾಯುತ್ತ ಆಡಬಲ್ಲ ಇನ್ನೊಂದು ಹೊರಾಂಗಣ ಆಟವನ್ನು ಯಾರಾದರೂ ಹೇಳಿದರೆ ನಾವು ಈ ಲೇಖನವನ್ನು ಹಿಂದಕ್ಕೆ ಪಡೆಯುತ್ತೇವೆ.

ಈ ನಗರಕ್ಕೆ ಡಿಸ್ಕ್ ಅಪರಿಚಿತವೇ? ಬೆಸೆಂಟ್ ನಗರದ ಎಲಿಯಟ್ಸ್ ಕಡಲತೀರಕ್ಕೆ ಹೋಗಿ ನೋಡಿ. ಅಲ್ಲಿ ಅಲ್ಟಿಮೇಟ್ ಫ್ರಿಸ್ಬಿ ಬಹುಕಾಲದಿಂದ ನಡೆದು ಬಂದಿದೆ. ಸಾಫ್ಟ್‌ವೇರ್ ಕಚೇರಿಯ ಹುಡುಗಿಯರೂ ಮೀನುಗಾರರ ಕುಪ್ಪದ ಹುಡುಗರೂ ಒಂದೇ ತಂಡದಲ್ಲಿ, ತೀರ್ಪುಗಾರರಿಲ್ಲದೆ, ತಪ್ಪನ್ನು ತಾವೇ ಒಪ್ಪಿಕೊಂಡು ಆಡುತ್ತಾರೆ. ಡಿಸ್ಕ್ ಆಟದಲ್ಲಿ ಚೆನ್ನೈ ದೇಶಕ್ಕೇ ಮುಂದಾಳು. ಆದರೆ ಆ ಆಟಕ್ಕೆ ಓಡುವ ಕಾಲು ಬೇಕು. ನಡೆಯುವ ಕಾಲಿಗೆ ಒಂದು ಆಟ ಬೇಕೆಂದು ನಾವು ಕೇಳುತ್ತಿದ್ದೇವೆ.

ಜಾಗವೆಲ್ಲಿದೆ ಎಂಬ ಪ್ರಶ್ನೆಯನ್ನು ಈ ನಗರದಲ್ಲಿ ಯಾರೂ ನಗದೆ ಕೇಳಲಾರರು. ಗಿಂಡಿಯ ಕುದುರೆ ಪಂದ್ಯದ ಮೈದಾನವನ್ನು 1945ರಲ್ಲಿ 99 ವರ್ಷಗಳ ಗುತ್ತಿಗೆಗೆ ಕೊಡಲಾಗಿತ್ತು. ಸುಮಾರು 160 ಎಕರೆ, ಬಾಡಿಗೆ ವರ್ಷಕ್ಕೆ ಸುಮಾರು 614 ರೂಪಾಯಿ. ಓದುಗರು ಆ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಲಿ, ತಿಂಗಳಿಗಲ್ಲ, ವರ್ಷಕ್ಕೆ. ಆ ಪಥದ ನಡುವಣ ಹಸಿರಿನಲ್ಲಿ ಜಿಮ್‌ಖಾನಾ ಕ್ಲಬ್ಬಿನ ಗಾಲ್ಫ್ ಅಂಗಳ. ನಂದನದ ಅಣ್ಣಾ ಸಾಲೈ ಬದಿಯಲ್ಲಿ ಕಾಸ್ಮೊಪಾಲಿಟನ್ ಕ್ಲಬ್ಬಿನ ಇನ್ನೊಂದು ಗಾಲ್ಫ್ ಅಂಗಳ. ನಗರದ ನಡುವೆ ಹೀಗೆ ನೂರಾರು ಎಕರೆ ಹಸಿರು ಬೆರಳೆಣಿಕೆಯ ಮಂದಿಯ ಆಟಕ್ಕೆ ತೆರೆದೇ ಇದ್ದಿತು. ಅಲ್ಲಿ ‘ಆಡಬಾರದು’ ಎಂಬ ಫಲಕ ಯಾರಿಗೂ ತೋಚಲಿಲ್ಲ. ಬೆಂಗಳೂರಿನವರು ಇದನ್ನೋದಿ ಬೀಗಬೇಕಾಗಿಲ್ಲ. ಹೈಗ್ರೌಂಡ್ಸ್‌ನಲ್ಲಿ 1876ರ ಗಾಲ್ಫ್ ಕ್ಲಬ್ಬನ್ನಿಟ್ಟುಕೊಂಡ ಊರು ಅದು.

2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗಿಂಡಿಯ ಗುತ್ತಿಗೆಯನ್ನು ರದ್ದುಮಾಡಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ 118 ಎಕರೆಯಲ್ಲಿ ಪರಿಸರ ಉದ್ಯಾನ ಮಾಡುವುದಾಗಿ ಸರ್ಕಾರ ಹೇಳಿತು. ವೇಳಚ್ಚೇರಿಯ ನೆರೆ ತಗ್ಗಿಸಲು ಹೊಂಡಗಳನ್ನೂ ತೋಡಿಸಿತು. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ನಮ್ಮ ಭಯ ಬೇರೆ. ಆ 118 ಎಕರೆಯೂ ಕೊನೆಗೆ ಕಾರಂಜಿ, ಸೆಲ್ಫಿಗೆ ನಿಲ್ಲುವ ಕಮಾನು, ಟಿಕೆಟ್ ಕಿಟಕಿಗಳ ಇನ್ನೊಂದು ಪ್ರದರ್ಶನವಾದೀತೆಂಬುದು.

ಭಯಕ್ಕೆ ಕಾರಣವಿದೆ. ಕೆಥೆಡ್ರಲ್ ರಸ್ತೆಯಲ್ಲಿ 2024ರ ಅಕ್ಟೋಬರಿನಲ್ಲಿ ತೆರೆದ ಕಲೈಞರ್ ಶತಮಾನೋತ್ಸವ ಉದ್ಯಾನವನ್ನು ನೋಡಿ. ಅದೂ ಗುತ್ತಿಗೆಯ ಹಿಡಿತದಿಂದ ಬಿಡಿಸಿಕೊಂಡ ಸರ್ಕಾರಿ ನೆಲವೇ, ಬಿಡಿಸಿಕೊಂಡದ್ದು ಒಳ್ಳೆಯದೇ. ಆದರೆ ಸುಮಾರು ಆರು ಎಕರೆಗೆ 46 ಕೋಟಿ ರೂಪಾಯಿ ಖರ್ಚಾಯಿತು. ಒಳಗೆ ತಂತಿಗೆ ಜೋತುಬಿದ್ದು ಜಾರುವ ಜಿಪ್‌ಲೈನ್ ಬಂತು. ಬಾಗಿಲಲ್ಲಿ ದೊಡ್ಡವರಿಗೆ 100 ರೂಪಾಯಿ, ಮಕ್ಕಳಿಗೆ 50. ಇಬ್ಬರು ಮಕ್ಕಳ ಸಂಸಾರವೊಂದು ಒಳಗೆ ಕಾಲಿಡಲು 300 ರೂಪಾಯಿ ಕೊಡಬೇಕು, ಜಾರುವುದಕ್ಕೆ ಬೇರೆ. ಜಿಪ್‌ಲೈನಿನಲ್ಲಿ ಜಾರಿದವನು ಏನು ಕಲಿಯುತ್ತಾನೆ? ಎರಡನೆಯ ಸಲಕ್ಕೆ ಮೊದಲನೆಯದಕ್ಕಿಂತ ಚೆನ್ನಾಗಿ ಜಾರುತ್ತಾನೆಯೇ? ಮೊತ್ತಮೊದಲ ಸವಾರಿಗೇ ಅದು ಮುಗಿದುಹೋದ ಸುಖ. ಡಿಸ್ಕ್ ಎಸೆಯುವವನು ನೂರನೆಯ ಸಲವೂ ಹೊಸದೊಂದು ತಪ್ಪು ಮಾಡುತ್ತಾನೆ, ಅದಕ್ಕಾಗಿಯೇ ಮರುದಿನ ಬರುತ್ತಾನೆ.

ಅದೇ ರಸ್ತೆಯ ಎದುರು ಬದಿಯಲ್ಲಿ ಸೆಮ್ಮೊಳಿ ಪೂಂಗಾ ಇದೆ. ತಮಿಳು ಶಾಸ್ತ್ರೀಯ ಭಾಷೆಯಾದ ಹೆಮ್ಮೆಗೆ ಆ ಹೆಸರು, ತೆರೆದದ್ದು 2010ರಲ್ಲಿ. ಕನ್ನಡಿಗರಾದ ನಮಗೆ ಆ ನೆಲ ಬೇರೊಂದು ಕಾರಣಕ್ಕೆ ನೆನಪಿನಲ್ಲಿದೆ. 1962ರಿಂದ 2008ರವರೆಗೆ ಅಲ್ಲಿದ್ದದ್ದು ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ದಕ್ಷಿಣ ಕನ್ನಡದ ಕಡಂದಲೆಯಿಂದ ಬರಿಗೈಯಲ್ಲಿ ಮದ್ರಾಸಿಗೆ ಬಂದ ಕೃಷ್ಣರಾಯರು ಕಟ್ಟಿದ ಹೋಟೆಲು. ದೊಡ್ಡ ಮರಗಳ ನೆರಳಲ್ಲಿ ಕಾರು ನಿಲ್ಲಿಸಿ ದೋಸೆ ತಿನ್ನುವವರು ಒಂದು ಕಡೆ. ಕಾರೇ ಇಲ್ಲದೆ ಒಂದು ಕಾಪಿಗೆ ಎರಡು ಗಂಟೆ ಕೂತು ಹರಟುವವರು, ಪರೀಕ್ಷೆಗೆ ಓದುವವರು, ಔಷಧ ಕಂಪನಿಯ ಪ್ರತಿನಿಧಿಗಳು, ಹೊಸ ಪ್ರೇಮಿಗಳು ಇನ್ನೊಂದು ಕಡೆ. ಮಕ್ಕಳು ಕಾರುಗಳ ನಡುವೆ ಓಡಾಡುತ್ತಿದ್ದವು. ಅದು ಖಾಸಗಿ ವ್ಯಾಪಾರವಾಗಿತ್ತು ನಿಜ; ಆದರೂ ಜನ ಅಲ್ಲಿ ಹಕ್ಕಿನಿಂದ ಕೂರುತ್ತಿದ್ದರು. ಇಂದು ಅದು ಸಾರ್ವಜನಿಕ. ಸಸ್ಯಗಳು ಸೊಗಸಾಗಿವೆ, ಹಾದಿಗಳು ಸ್ವಚ್ಛವಾಗಿವೆ. ಜನ ಸುತ್ತು ಹಾಕಿ, ಪಟ ತೆಗೆದುಕೊಂಡು, ಹೊರಡುತ್ತಾರೆ. ಹೋಟೆಲು ಮರಳಿ ಬರಲಿ ಎಂಬ ಹಂಬಲ ನಮ್ಮದಲ್ಲ. ಸಾರ್ವಜನಿಕವೆಂಬ ಹೆಸರು ಹೊತ್ತ ಮೇಲೆ ಒಂದು ಉದ್ಯಾನ ಹಳೆಯ ಹೋಟೆಲಿಗಿಂತ ಬಿಗಿಯಾಗಬಾರದಲ್ಲವೆ ಎಂಬುದಷ್ಟೇ ನಮ್ಮ ಮಾತು.

ಆಕ್ಷೇಪಗಳನ್ನು ನಾವು ಬಲ್ಲೆವು, ಅವುಗಳಲ್ಲಿ ಕೆಲವನ್ನು ನಮ್ಮ ಬಳಗದವರೇ ಎತ್ತಿದ್ದಾರೆ. ನಡೆಯುವವರ ತಲೆಗೆ ಡಿಸ್ಕ್ ಬಿದ್ದರೆ? ಬೀಳಬಹುದು. ಆದ್ದರಿಂದಲೇ ಕಲಿಯುವವರ ಅಂಗಳದಲ್ಲಿ ದೂರ ಕಡಿಮೆ, ಎಸೆತದ ಹಾದಿ ನಡಿಗೆಯ ಹಾದಿಯನ್ನು ದಾಟದಂತೆ ನಕ್ಷೆ, ಭಾರದ ಚೂಪಂಚಿನ ಡಿಸ್ಕ್‌ಗಳಿಗೆ ನಿಷೇಧ. ನಮ್ಮ ಬೀದಿಗಳಲ್ಲಿ ಕ್ರಿಕೆಟ್ ಚೆಂಡು ಒಡೆದ ಕಿಟಕಿಗಳ ಲೆಕ್ಕ ಇಟ್ಟವರು ಈ ಪ್ರಶ್ನೆಯನ್ನು ಇಷ್ಟು ಗಾಬರಿಯಿಂದ ಕೇಳಲಾರರು. ಮರಗಳಿಗೆ ಪೆಟ್ಟು? ಎಳೆಯ ಸಸಿಗಳಿಗೆ ಆಗುತ್ತದೆ, ಸುಳ್ಳಲ್ಲ. ಬುಟ್ಟಿಯನ್ನು ಸಸಿಗಳಿಂದ ದೂರವಿಡಬೇಕು, ಎರಡು ಮೂರು ವರ್ಷಕ್ಕೊಮ್ಮೆ ಕಂಬಗಳ ಜಾಗ ಬದಲಿಸಬೇಕು.

ನಿಜವಾಗಿ ತೂಕವುಳ್ಳ ಆಕ್ಷೇಪ ಒಂದೇ. ಗಿಂಡಿಯ ನೆಲ ನೀರಿನದು. 2015ರ ಡಿಸೆಂಬರನ್ನೂ 2023ರ ಮಿಚಾಂಗ್ ಚಂಡಮಾರುತವನ್ನೂ ಕಂಡವರು ಆ ನೆಲದ ಒಂದಂಗುಲವನ್ನೂ ಆಟಕ್ಕೆ ಕೇಳಬಾರದು ಎಂಬುದು. ಈ ಮಾತಿನ ಮುಂದೆ ನಾವು ತಲೆಬಾಗುತ್ತೇವೆ, ಬಾಗಿಯೇ ಹೇಳುತ್ತೇವೆ: ನೀರಿಗೆ ಜಾಗ ಬಿಟ್ಟು ಆಡಬಲ್ಲ ಆಟವಿದ್ದರೆ ಅದು ಇದೇ. ಕಾಂಕ್ರೀಟು ಬೇಡ, ಕಟ್ಟಡ ಬೇಡ, ಗಾಲ್ಫ್ ಅಂಗಳದಂತೆ ನಿತ್ಯ ನೀರುಣಿಸಿ ಕತ್ತರಿಸುವ ಹುಲ್ಲು ಬೇಡ, ಗೊಬ್ಬರ ಬೇಡ. ಒಂಬತ್ತು ಕಂಬಗಳ ಬುಡಕ್ಕೆ ಒಂಬತ್ತು ಸಣ್ಣ ಗುಳಿಗಳು ಸಾಕು. ಐಪ್ಪಶಿ-ಕಾರ್ತಿಕೈ ಮಳೆಗೆ ಬಯಲು ಮುಳುಗಿದರೆ ಮುಳುಗಲಿ, ಕಂಬಗಳು ಕೊಕ್ಕರೆಗಳ ಜೊತೆ ನೀರಲ್ಲಿ ನಿಂತಿರಲಿ. ತೈ ತಿಂಗಳಿಗೆ ನೆಲ ಒಣಗಿದಾಗ ಮತ್ತೆ ಆಡೋಣ. ಬುಟ್ಟಿಗಳನ್ನು ಕ್ಯಾಲಿಫೋರ್ನಿಯಾದಿಂದ ತರಿಸಬೇಕಾಗಿಯೂ ಇಲ್ಲ. ಅಂಬತ್ತೂರಿನ ಯಾವುದೇ ವೆಲ್ಡಿಂಗ್ ಶೆಡ್ಡಿನವರು ನಕ್ಷೆ ಕೊಟ್ಟರೆ ಮಾಡಿಕೊಡುತ್ತಾರೆ.

ಇನ್ನೊಂದು ಮಾತು ನಮ್ಮವರಿಂದಲೇ ಬಂತು, ಅದು ಉಳಿದೆಲ್ಲಕ್ಕಿಂತ ಚುಚ್ಚಿತು. ‘ಕನ್ನಡ ಸಾಹಿತ್ಯದ ಬಳಗಕ್ಕೆ ಅಮೆರಿಕದ ತಟ್ಟೆಯಾಟ ಯಾಕೆ? ಲಗೋರಿ ಆಡಿ’ ಎಂದರು. ಆಡೋಣ. ಎಲ್ಲಿ? ಲಗೋರಿಯ ಬಿಲ್ಲೆ ಒಟ್ಟಿದರೂ ಅದೇ ಫಲಕ ನಮ್ಮನ್ನು ಹೊರಗೆ ಕಳಿಸುತ್ತದೆ. ಚಿನ್ನಿದಾಂಡಿಗಂತೂ ಪೊಲೀಸರೇ ಬಂದಾರು. ಆಟದ ಕುಲಗೋತ್ರ ವಿಚಾರಿಸುವ ಮೊದಲು ಆಡುವ ಹಕ್ಕು ದಕ್ಕಲಿ. ಡಿಸ್ಕಿಗೆ ಬಾಗಿಲು ತೆರೆದರೆ ಅದರ ಹಿಂದೆಯೇ ಲಗೋರಿಯೂ ಒಳಗೆ ಬರುತ್ತದೆ.

ಜೊತೆಗೆ, ಇದು ಭಾಷೆಗೆ ಸಂಬಂಧಿಸದ ವಿಷಯವೆಂದು ನಾವು ಒಪ್ಪುವುದಿಲ್ಲ. ಹೊರನಾಡಿನಲ್ಲಿ ನಾವು ಕನ್ನಡವನ್ನು ಹೇಗೆ ಉಳಿಸಲು ನೋಡುತ್ತೇವೆ? ನವೆಂಬರಿನಲ್ಲಿ ಒಂದು ಸಭಾಂಗಣ, ಧ್ವಜ, ಭಾಷಣ, ಬಿಸಿಬೇಳೆಬಾತು. ಮಕ್ಕಳು ವೇದಿಕೆಯ ಮೇಲೆ ಕಂಠಪಾಠ ಒಪ್ಪಿಸಿ, ಇಳಿದ ಕೂಡಲೇ ತಮ್ಮತಮ್ಮೊಳಗೆ ಇಂಗ್ಲಿಷಿಗೋ ತಮಿಳಿಗೋ ಹೊರಳುತ್ತವೆ. ಅವುಗಳ ತಪ್ಪಲ್ಲ. ಭಾಷಣದ ಕನ್ನಡವನ್ನು ನಾವು ಕಲಿಸಿದ್ದೇವೆ. ಬೈಯುವ, ಹುರಿದುಂಬಿಸುವ, ಸುಳ್ಳು ಲೆಕ್ಕ ಹೇಳಿ ಸಿಕ್ಕಿಬೀಳುವ ಕನ್ನಡವನ್ನು ಕಲಿಸಲು ನಮಗೆ ಜಾಗವೇ ಇಲ್ಲ. ಆ ಭಾನುವಾರ, ಕಾವಲುಗಾರರು ಬರುವ ಮೊದಲಿನ ಮುಕ್ಕಾಲು ಗಂಟೆಯಲ್ಲಿ, ‘ಗುರಿ’, ‘ಬೀಸು’, ‘ವಾರೆ’, ‘ಇನ್ನೊಂಚೂರು ಮೇಲೆ’, ‘ಮೋಸ ಮಾಡ್ಬೇಡಿ ಅಜ್ಜಿ’ ಎಂಬ ಮಾತುಗಳು ನಮ್ಮ ಮಕ್ಕಳ ಬಾಯಲ್ಲಿ ಯಾರೂ ಹೇಳಿಕೊಡದೆ ಬಂದವು. ಎಸೆತಕ್ಕೂ ಎಸೆತಕ್ಕೂ ನಡುವೆ ನಡೆಯಬೇಕಾಗುತ್ತದೆ. ನಡೆಯುವಾಗ ಜನ ಮಾತಾಡುತ್ತಾರೆ. ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ವಿಭಾಗ ನಮಗೆ ಹೆಮ್ಮೆ. ಆದರೆ ಎಂಟು ವರ್ಷದ ಮಗು ಅಲ್ಲಿಗೆ ಹೋಗಲಾರದು.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಗಿಂಡಿಯ ಹೊಸ ಉದ್ಯಾನದ ನಕ್ಷೆಯಲ್ಲಿ ಐದು ಎಕರೆ, ಒಂಬತ್ತು ಬುಟ್ಟಿ, ಟಿಕೆಟ್ಟಿಲ್ಲದ ಬಾಗಿಲು. ಬಾಗಿಲ ಬಳಿ ಗುರುತಿನ ಚೀಟಿ ಇಟ್ಟು ಎರವಲು ಪಡೆಯಬಹುದಾದ ಒಂದು ಪೆಟ್ಟಿಗೆ ಡಿಸ್ಕ್‌ಗಳು. ಗಿಂಡಿ ಆಗದಿದ್ದರೆ ಕಾರ್ಪೊರೇಷನ್ನಿನ ಬೇರಾವುದೇ ಬಯಲು. ಮನವಿಯನ್ನು ತಮಿಳಿನಲ್ಲಿ ಬರೆದಿದ್ದೇವೆ. ನಮ್ಮ ಪಕ್ಕದ ಮನೆಯ ತಮಿಳು ಮೇಷ್ಟ್ರು ತಿದ್ದಿಕೊಟ್ಟು, ಮೊದಲ ಸಹಿಯನ್ನೂ ಹಾಕಿದರು. ನಿಮ್ಮಲ್ಲಿ ಚೆನ್ನೈಯಲ್ಲಿರುವವರು ಸಹಿಗೆ ಬನ್ನಿ. ಹೈದರಾಬಾದು, ಮುಂಬಯಿ, ಕಾಸರಗೋಡುಗಳಲ್ಲಿರುವವರು ನಿಮ್ಮೂರಿನ ಉದ್ಯಾನದ ಫಲಕವನ್ನು ಒಮ್ಮೆ ನಿಂತು ಓದಿ, ಅದರಲ್ಲೇನು ಬರೆದಿದೆಯೆಂದು ನಮಗೆ ತಿಳಿಸಿ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಬುಟ್ಟಿ, ಸ್ಟೂಲುಗಳೊಂದಿಗೆ ಎಲಿಯಟ್ಸ್ ತೀರದಲ್ಲಿರುತ್ತೇವೆ. ಮರಳಿಗೆ ಇನ್ನೂ ಯಾರೂ ಫಲಕ ನೆಟ್ಟಿಲ್ಲ. ಅಕ್ಕ ಈಗ ನಾಲ್ಕೇ ಎಸೆತಕ್ಕೆ ಹಾಕುತ್ತಾರೆ.