ಕರುವನ್ನೂ ತೂಗಿ

ಡೇರಿಯಲ್ಲಿ ಹಾಲಿನ ಜಿಡ್ಡು, ಡಿಗ್ರಿ ಎಲ್ಲ ನೋಡುತ್ತಾರೆ. ಕೊಟ್ಟಿಗೆಯಲ್ಲಿ ಹುಟ್ಟಿದ ಕರುವಿನ ತೂಕ ಮಾತ್ರ ಯಾರಿಗೂ ಬೇಡ. ನಾನು ತೂಗುತ್ತೇನೆ. ಮೈ ಒರೆಸಿದ ಕರುವನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನನ್ನ ತೂಕ ಕಳೆದರೆ ಮುಗಿಯಿತು (ಒದೆಸಿಕೊಳ್ಳುವುದು ಲೆಕ್ಕಕ್ಕಿಲ್ಲ). ಎಚ್‌ಎಫ್ ಮಿಶ್ರತಳಿಯ ಕರು 30 ಕೆ.ಜಿ. ಇದ್ದರೆ ಮೊದಲ ದಿನವೇ ಸುಮಾರು 3 ಲೀಟರ್ ಗಿಣ್ಣುಹಾಲು ಬೇಕು, ತೂಕದ ಹತ್ತರಲ್ಲೊಂದು ಪಾಲು. ಮಲೆನಾಡು ಗಿಡ್ಡದ ಪುಟ್ಟ ಕರುವಿಗೆ ಅಷ್ಟು ಬೇಡ. ಕಣ್ಣಂದಾಜು ಇಲ್ಲಿ ಸಾಲದು.

ಮಾಸು ಬೀಳುವವರೆಗೆ ಹಾಲು ಕುಡಿಸಬಾರದೆಂಬ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ರೋಗ ತಡೆಯುವ ಶಕ್ತಿ ಆ ಹಾಲಿನಿಂದಲೇ ಬರಬೇಕು. ತಡವಾದಷ್ಟೂ ಕರುವಿನ ಕರುಳು ಅದನ್ನು ಹೀರುವುದು ಕಡಿಮೆ. ನೆರೆಮನೆಗೆ ಗಿಣ್ಣು ಕಳಿಸುವುದೆಲ್ಲ ಆಮೇಲೆ.

ಹಾಲಿನ ಸಂಘಗಳು ವರ್ಷದ ಸಭೆಯಲ್ಲಿ ಸ್ಟೀಲ್ ಪಾತ್ರೆ ಹಂಚುವ ಬದಲು ಊರಿಗೊಂದು ತಕ್ಕಡಿ ಇಡಲಿ.