ತಿಳಿಸಿ ಹೇಳುವವರ ಬೆಲೆ

ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ‘ಪ್ಯಾಂಟೊಮೈಮ್’ ಎಂಬ ನಾಟಕ ನಡೆಯುತ್ತದೆ. ಅದರಲ್ಲಿ ಮುದುಕಿಯ ವೇಷವನ್ನು ಗಂಡಸು ಹಾಕುತ್ತಾನೆ. ಹಳೆಯ ರೂಢಿಯಂತೆ ಕಥಾನಾಯಕನ ಪಾತ್ರವನ್ನು ತರುಣಿಯೊಬ್ಬಳು ವಹಿಸುತ್ತಾಳೆ. ಖಳನು ಬಂದೊಡನೆ ಪ್ರೇಕ್ಷಕರು ಅವನಿಗೆ ಛೀಮಾರಿ ಹಾಕಬೇಕು. ಅವನು ನಾಯಕನ ಬೆನ್ನ ಹಿಂದೆ ಸುಳಿದರೆ ಮಕ್ಕಳೆಲ್ಲ ಕೂಗಿ ಎಚ್ಚರಿಸಬೇಕು. ಎಲ್ಲರೂ ಸುಮ್ಮನೆ ಕುಳಿತರೆ ಆಟಕ್ಕೆ ಕಳೆಯೇ ಇಲ್ಲ. ಅದೇ ಇಂಗ್ಲಿಷನ್ನು ಆಡುವ ಅಮೆರಿಕದವರಿಗೆ ಮಾತ್ರ ಇದರ ತಲೆಬುಡ ತಿಳಿಯುವುದಿಲ್ಲ. ಭಾಷೆ ಒಂದೇ ಆದ ಮಾತ್ರಕ್ಕೆ ಒಬ್ಬರ ವಿನೋದ ಇನ್ನೊಬ್ಬರಿಗೆ ಅರ್ಥವಾಗಬೇಕೆಂದಿಲ್ಲ. ತಿಳಿಸಿ ಹೇಳುವವರೊಬ್ಬರು ಬೇಕಾಗುತ್ತಾರೆ. ಭಾಷೆ ಬೇರೆಯಾಗಿದ್ದರೂ ಅಂಥವರೊಬ್ಬರಿದ್ದರೆ ಏನಾಗಬಲ್ಲದು ಎಂಬುದಕ್ಕೆ ಸಾಂಗ್ಲಿ ನಗರವೇ ಸಾಕ್ಷಿಯಾಗಿದೆ.

1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಯಕ್ಷಗಾನದ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಗೆ ಬಂದಿತೆಂದು ರಂಗಭೂಮಿಯ ಇತಿಹಾಸಕಾರರು ಬರೆಯುತ್ತಾರೆ. ಆಗ ಸಂಸ್ಥಾನವನ್ನು ಆಳುತ್ತಿದ್ದವರು ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು. ಮೇಳದವರು ಅವರ ಮುಂದೆ ತಮ್ಮ ಆಟವನ್ನು ಪ್ರದರ್ಶಿಸಿದರು.

ಮರಾಠಿ ಮಾತನಾಡುವ ಆ ಸಭೆಗೆ ಅದು ಎಷ್ಟು ವಿಚಿತ್ರವಾಗಿ ಕಂಡಿರಬೇಕೆಂಬುದನ್ನು ಊಹಿಸಬಹುದು. ಕಥೆ ರಾಮಾಯಣ, ಮಹಾಭಾರತಗಳದ್ದೇ. ಆದರೆ ಅದನ್ನು ಹಾಡಿ ನಡೆಸುವವನು ಯಾವ ವೇಷವನ್ನೂ ತೊಡದ ಭಾಗವತ. ಅವನು ಪದ್ಯವನ್ನು ಹಾಡಿದ ಮೇಲೆ ಪಾತ್ರಧಾರಿಯು ಅದರ ಅರ್ಥವನ್ನು ತನ್ನ ಮಾತಿನಲ್ಲಿ, ಬರೆದಿಟ್ಟ ಸಂಭಾಷಣೆಯಿಲ್ಲದೆ ಆಗಿಂದಾಗಲೇ ಬೆಳೆಸುತ್ತಾನೆ. ರಾಕ್ಷಸನು ಬಂದು ಕಥೆ ಹೇಳುವುದಕ್ಕೆ ಮೊದಲು ತೆರೆಯ ಹಿಂದೆ ನಿಂತು ಆರ್ಭಟಿಸುತ್ತಾನೆ. ಗಂಭೀರ ಪ್ರಸಂಗದ ನಡುವೆ ಹಾಸ್ಯಗಾರನು ನುಗ್ಗಿ ದೊರೆಯನ್ನೇ ಗೇಲಿ ಮಾಡುತ್ತಾನೆ. ಹೆಣ್ಣು ಪಾತ್ರವೂ ಗಂಡಸಿನದೇ. ಬೆಳಗಾಗುವವರೆಗೂ ಆಟ ಮುಗಿಯುವುದಿಲ್ಲ. ಆ ಆಟ ಕೆಲವರ ಕಣ್ಣಿಗೆ ಒರಟಾಗಿ ಕಂಡಿತೆಂಬ ಮಾತೂ ಇತಿಹಾಸದಲ್ಲಿ ಉಳಿದಿದೆ.

ಆದರೆ ಅಪ್ಪಾಸಾಹೇಬರು ಅದನ್ನು ನಕ್ಕು ಕೈಬಿಡಲಿಲ್ಲ. ಇಂಥದೊಂದನ್ನು ಮರಾಠಿಯಲ್ಲಿ ಕಟ್ಟಬೇಕೆಂದು ತಮ್ಮ ಆಶ್ರಯದಲ್ಲಿದ್ದ ತರುಣ ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. 1843ರ ನವೆಂಬರ್ 5ರಂದು ಸಾಂಗ್ಲಿಯ ಅರಮನೆಯಲ್ಲಿ ‘ಸೀತಾಸ್ವಯಂವರ’ ನಾಟಕ ನಡೆಯಿತು. ಮರಾಠಿ ರಂಗಭೂಮಿಯು ತನ್ನ ಹುಟ್ಟನ್ನು ಆ ದಿನದಿಂದಲೇ ಎಣಿಸುತ್ತದೆ. ಪ್ರತಿವರ್ಷ ನವೆಂಬರ್ 5ನ್ನು ರಂಗಭೂಮಿ ದಿನವೆಂದು ಆಚರಿಸುತ್ತದೆ. ಸಾಂಗ್ಲಿಯ ನಾಟ್ಯಮಂದಿರಕ್ಕೆ ಭಾವೆಯವರ ಹೆಸರೇ ಇದೆ.

ಭಾವೆಯವರು ಮಾಡಿದ್ದು ಬರಿಯ ಅನುವಾದವಲ್ಲ. ಅವರ ನಾಟಕದಲ್ಲಿ ಸೂತ್ರಧಾರನು ಮೇಳದವರೊಡನೆ ನಿಂತು ಕಥೆಯನ್ನು ಹಾಡುತ್ತಾನೆ, ಪಾತ್ರಧಾರಿಗಳು ಮಾತನ್ನು ಅಲ್ಲಿಯೇ ಹೊಂದಿಸಿಕೊಳ್ಳುತ್ತಾರೆ, ಆರಂಭದಲ್ಲಿ ಗಣಪತಿ, ಸರಸ್ವತಿಯರು ರಂಗಕ್ಕೆ ಬರುತ್ತಾರೆ, ವಿದೂಷಕನು ನಗಿಸುತ್ತಾನೆ, ರಾಕ್ಷಸನು ಕಿರುಚುತ್ತಲೇ ಪ್ರವೇಶಿಸುತ್ತಾನೆ. ಇದರಲ್ಲಿ ಯಕ್ಷಗಾನದ ಪಾಲೆಷ್ಟು, ದಶಾವತಾರ, ಲಳಿತಗಳಂಥ ಮಹಾರಾಷ್ಟ್ರದ ಆಟಗಳ ಪಾಲೆಷ್ಟು ಎಂಬ ಬಗೆಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಕನ್ನಡದ ಮೇಳವೊಂದು ತೋರಿಸಿದ ಆಟವು ಮರಾಠಿಯ ನಾಟಕಕ್ಕೆ ಪ್ರೇರಣೆಯಾಯಿತೆಂಬುದನ್ನು ಮರಾಠಿಯ ಇತಿಹಾಸಕಾರರೇ ದಾಖಲಿಸಿದ್ದಾರೆ. ವಿಚಿತ್ರವೆನಿಸಿದ್ದನ್ನು ಅಪ್ಪಾಸಾಹೇಬರು ತಳ್ಳಿಹಾಕಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಕೊಟ್ಟ ಸಾಲ ಬಡ್ಡಿಸಹಿತ ಮರಳಿತು. ಮರಾಠಿ ನಾಟಕ ಮಂಡಳಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಜನರನ್ನು ಸೆಳೆದವು. ಕನ್ನಡಿಗರು ಮರಾಠಿ ನಾಟಕವನ್ನೇ ನೋಡಬೇಕೇ ಎಂಬ ಕೊರಗಿನಿಂದ, ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕಗಳನ್ನು ಬರೆದು ಆಡಿಸತೊಡಗಿದರು. ಇತ್ತ ‘ಸೀತಾಸ್ವಯಂವರ’ ನಡೆದ 1843ರಲ್ಲಿಯೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕದ ಯುಗವನ್ನೇ ತೆರೆದರು. ಮಿರಜದಲ್ಲಿ ನೆಲೆಸಿದ ಅಬ್ದುಲ್ ಕರೀಮ್ ಖಾನರಿಂದ ಕಲಿತ ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದ ಮೇಲೆ ಹಾಡಿದರು. ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು ದಾಸರ ಪದವನ್ನೂ ತುಕಾರಾಮರ ಅಭಂಗವನ್ನೂ ಒಂದೇ ಕಂಠದಲ್ಲಿ ಹಾಡಿದರು. ಇವರಲ್ಲಿ ಯಾರೂ ಒಂದು ಭಾಷೆಯನ್ನು ಗಳಿಸಲು ಇನ್ನೊಂದನ್ನು ಮಾರಿಕೊಳ್ಳಲಿಲ್ಲ.

ಈ ಇತಿಹಾಸ ಸಾಂಗ್ಲಿ, ಮಿರಜ, ಜತ್ತಗಳ ಕನ್ನಡ ಶಾಲೆಯ ಮನೆಗಳಿಗೆ ಇಂದು ಏಕೆ ಬೇಕು? ಕನ್ನಡ ಮಾಧ್ಯಮದಲ್ಲಿ ಓದುವ ಮಗು ಮರಾಠಿ ಗೆಳೆಯರ ನಡುವೆ ತನ್ನ ಮನೆಯ ಹಾಡನ್ನೂ ಆಟವನ್ನೂ ಮುಚ್ಚಿಡುವುದನ್ನು ಅನೇಕ ಪಾಲಕರು ಕಂಡಿದ್ದಾರೆ. ಗೆಳೆಯರು ನಗುತ್ತಾರೆಂಬ ಅಂಜಿಕೆ ಅದರದು. ಆ ಅಂಜಿಕೆಯೇ ಬೆಳೆದು, ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸುವ ನಿರ್ಧಾರಕ್ಕೆ ಒಮ್ಮೊಮ್ಮೆ ದಾರಿಯಾಗುತ್ತದೆ.

ಜತ್ತ ಭಾಗದ ಕನ್ನಡ ಮಗುವಿಗೆ ಕರಾವಳಿಯ ಯಕ್ಷಗಾನವೂ ಹೊಸದೇ. ಅದರ ಸೀಮೆಗೆ ಹತ್ತಿರದ ಆಟಗಳೆಂದರೆ ದೊಡ್ಡಾಟ ಮತ್ತು ಶ್ರೀಕೃಷ್ಣ ಪಾರಿಜಾತ. ಪಾರಿಜಾತದಲ್ಲಿ ದೂತಿಗೂ ಭಾಗವತನಿಗೂ ನಡೆಯುವ ಸರಸದ ಮಾತನ್ನು ಅಜ್ಜ ಅಜ್ಜಿಯರು ಮೊದಲು ಮೊಮ್ಮಕ್ಕಳಿಗೆ ಬಿಡಿಸಿ ಹೇಳಬೇಕು. ತಾನು ಅರಿಯದ್ದನ್ನು ಮಗು ಗೆಳೆಯನಿಗೆ ಹೇಗೆ ತಿಳಿಸೀತು? ಅರಿತರೆ ಮಾತ್ರ, ‘ಭಾಗವತನೆಂದರೆ ನಿಮ್ಮ ಸೂತ್ರಧಾರ’ ಎಂದು ಮರಾಠಿಯಲ್ಲಿ ಒಂದೇ ಮಾತಿನಲ್ಲಿ ಹೇಳಬಲ್ಲದು.

ಕಾನೂನು ಈ ಮಗುವಿನ ಬೆನ್ನಿಗಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಮಹಾರಾಷ್ಟ್ರದ 2020ರ ಕಾನೂನು ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿದೆ. ಎರಡನ್ನೂ ಕೂಡಿಸಿ ನೋಡಿದರೆ, ಕನ್ನಡ ಶಾಲೆಯ ಮಗು ಎರಡೂ ಭಾಷೆಗಳನ್ನು ಬಲ್ಲದ್ದಾಗಿ ಹೊರಬರುತ್ತದೆ. ಆದರೆ ಮನೆಯ ಹಾಡು, ಆಟಗಳ ಅರ್ಥವನ್ನು ಕಲಿಸುವ ವಿಧಿ ಯಾವ ಸಂವಿಧಾನದಲ್ಲಿಯೂ ಇಲ್ಲ. ಅದು ಪಾಲಕರ ಪಾಲಿನ ಕೆಲಸ.

ಮುಂದಿನ ನವೆಂಬರ್ 5ರಂದು ಮರಾಠಿ ಶಾಲೆಗಳಲ್ಲಿ ರಂಗಭೂಮಿ ದಿನದ ಮಾತು ಬಂದಾಗ, ಕನ್ನಡ ಶಾಲೆಯ ಗುರುಗಳು ಕರ್ಕಿ ಮೇಳದ ಕಥೆಯನ್ನು ಒಬ್ಬ ವಿದ್ಯಾರ್ಥಿಯಿಂದ ಕನ್ನಡದಲ್ಲಿ ಹೇಳಿಸಲಿ. ಬಳಿಕ ನೆರೆಯ ಶಾಲೆಯ ಮಕ್ಕಳನ್ನು ಕರೆದು, ಅದೇ ವಿದ್ಯಾರ್ಥಿಯಿಂದ ಅದೇ ಕಥೆಯನ್ನು ಮರಾಠಿಯಲ್ಲಿಯೂ ಹೇಳಿಸಲಿ.